ಉಷ್ಣ ಅಂತ ಸುಮ್ಮನಿರಬೇಡಿ, ಗರ್ಭಕೋಶ ತೆಗೆಸೋಕೂ ಓಡಬೇಡಿ

ಹೆಂಗಸರ ಡಾಕ್ಟರಾಗಿ ಇವತ್ತಿನ ಸಭೆಯಲ್ಲಿ ಮುಟ್ಟು, ಏರುಪೇರು ರಕ್ತಸ್ರಾವದ ಬಗ್ಗೆ ಮಾತಾಡುತ್ತೇನೆ. ಮೊದಲು ದಿನಗಳ ಲೆಕ್ಕ ಸರಿ ಮಾಡಿಕೊಳ್ಳೋಣ. 'ಮೇಡಂ, ತಿಂಗಳಿಗೆ ಎರಡು ಸಲ ಮುಟ್ಟಾಗ್ತೀನಿ' ಅಂತ ಗಾಬರಿಯಲ್ಲಿ ಬರುವವರು ಬಹಳ ಜನ. ತಾರೀಕು ಕೇಳಿದರೆ 2ಕ್ಕೆ ಒಂದು ಸಲ, 29ಕ್ಕೆ ಇನ್ನೊಂದು ಸಲ ಆಗಿರುತ್ತೆ. ನಡುವೆ 27 ದಿನ. ಏನೂ ತೊಂದರೆ ಇಲ್ಲ, ಕ್ಯಾಲೆಂಡರಿನ ಒಂದೇ ಹಾಳೆಯಲ್ಲಿ ಎರಡು ಸಲ ಬಿತ್ತು, ಅಷ್ಟೇ. ಇನ್ನು ಕೆಲವರು ಮುಟ್ಟು ನಿಂತ ದಿನದಿಂದ ಲೆಕ್ಕ ಹಾಕುತ್ತಾರೆ, ಆಗ 'ಇಪ್ಪತ್ತೇ ದಿನಕ್ಕೆ ಬಂತು' ಅನಿಸುತ್ತೆ. ಹಾಗಲ್ಲ. ರಕ್ತ ಕಾಣಿಸಿಕೊಂಡ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನದವರೆಗೆ ಎಣಿಸಬೇಕು.

ಹಾಗೆ ಎಣಿಸಿದಾಗ 24ರಿಂದ 38 ದಿನದ ಒಳಗೆ ಬಂದರೆ ಸರಿ. 28ಕ್ಕೇ ಬರಬೇಕು ಅಂತ ಎಲ್ಲೂ ಇಲ್ಲ. ಒಂದು ತಿಂಗಳು 27, ಇನ್ನೊಂದು ತಿಂಗಳು 31 ಆದರೂ ಸರಿಯೇ. ರಕ್ತ ಹೋಗುವುದು ಎಂಟು ದಿನದೊಳಗೆ ನಿಲ್ಲಬೇಕು. ನಡುವೆ, ಅಂದರೆ ಒಂದು ಮುಟ್ಟಿಗೂ ಇನ್ನೊಂದಕ್ಕೂ ಮಧ್ಯೆ, ಕಲೆ ಆಗಬಾರದು. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸಬಾರದು. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲಂತೂ ಒಂದು ಹನಿಯೂ ಕಾಣಿಸಬಾರದು.

ಎಷ್ಟು ರಕ್ತ ಹೋದರೆ ಜಾಸ್ತಿ? ಹಿಂದೆ ಪುಸ್ತಕಗಳಲ್ಲಿ 80 ಮಿಲಿಲೀಟರ್ ಮೇಲೆ ಹೋದರೆ ಜಾಸ್ತಿ ಅಂತ ಇತ್ತು. ಮನೆಯಲ್ಲಿ ಯಾರು ಅಳೆಯುತ್ತಾರೆ ಹೇಳಿ? ಈಗ ನಾವು ಬೇರೆ ಥರ ಕೇಳುತ್ತೇವೆ. ರಾತ್ರಿ ಪ್ಯಾಡ್ ಬದಲಾಯಿಸೋಕೆ ಅಂತಲೇ ಏಳಬೇಕಾ? ಎರಡೆರಡು ಪ್ಯಾಡ್ ಒಟ್ಟಿಗೆ ಇಡ್ತೀರಾ? ಹೆಪ್ಪುಗಟ್ಟಿದ ರಕ್ತದ ದೊಡ್ಡ ದೊಡ್ಡ ಗಡ್ಡೆ ಬೀಳುತ್ತಾ? ಸೀಟಿನ ಮೇಲೆ ಕಲೆಯಾಗುತ್ತೆ ಅಂತ ಬಸ್ಸಿನಲ್ಲಿ ನಿಂತೇ ಹೋಗ್ತೀರಾ? ಆ ನಾಲ್ಕು ದಿನ ಕೂಲಿಗೆ, ಕಾಲೇಜಿಗೆ, ಫ್ಯಾಕ್ಟರಿಗೆ ಹೋಗೋಕೆ ಆಗಲ್ವಾ? ಹೌದು ಅಂದರೆ ಅದು ಜಾಸ್ತಿಯೇ, ಅಳೆಯುವ ಅಗತ್ಯ ಇಲ್ಲ.

ಇಲ್ಲೇ ಒಂದು ಮಾತು. 'ನಮ್ಮ ಮನೇಲಿ ಎಲ್ರಿಗೂ ಹಿಂಗೇ, ನಮ್ಮಮ್ಮನಿಗೂ ಹಿಂಗೇ ಹೋಗ್ತಿತ್ತು' ಅನ್ನುವುದನ್ನು ಸಮಾಧಾನಕ್ಕೆ ಬಳಸಬೇಡಿ. ಗರ್ಭಕೋಶದ ಗಡ್ಡೆ ತಾಯಿಗೂ ಮಗಳಿಗೂ ಬರುವುದುಂಟು. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯೂ ವಂಶದಲ್ಲಿ ಹರಿದು ಬರುತ್ತದೆ. ಅಮ್ಮನಿಗೂ ಹಾಗೇ ಇತ್ತು ಅಂದರೆ ನಾನು ಇನ್ನೂ ನಾಲ್ಕು ಪ್ರಶ್ನೆ ಜಾಸ್ತಿ ಕೇಳುತ್ತೇನೆ.

ನಿಮ್ಮಲ್ಲಿ ಕೆಲವರಿಗೆ ಬಸ್ಸಿದೆ, ಅರ್ಧಕ್ಕೆ ಎದ್ದು ಹೋಗುತ್ತೀರಿ ಅಂತ ಗೊತ್ತು. ಅದಕ್ಕೇ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆಯಾದರೂ ಹಾಗೇ ಹೋಗುತ್ತಿದ್ದರೆ ಕಾಯಬೇಡಿ. ತಲೆ ಸುತ್ತಿ ಬಿದ್ದರೆ, ಎದೆ ಡವಡವ ಅಂದು ಉಸಿರು ಕಟ್ಟಿದರೆ, ಕೈಕಾಲು ತಣ್ಣಗಾದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಬಸುರಿ ಇರಬಹುದು ಅನ್ನುವ ಅನುಮಾನ ಇದ್ದು ರಕ್ತವೂ ಕಾಣಿಸಿ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು ಬಂದರೆ ಅವತ್ತೇ ಹೋಗಿ. ಹೆರಿಗೆ ಅಥವಾ ಗರ್ಭಪಾತ ಆದ ಮೇಲೆ ರಕ್ತ ನಿಲ್ಲದೆ, ಕೆಟ್ಟ ವಾಸನೆ, ಚಳಿಜ್ವರ ಬಂದರೂ ಅಷ್ಟೇ. ಇವಿಷ್ಟೂ ಒಂದು ರಾತ್ರಿಯಲ್ಲಿ ಜೀವ ತೆಗೆಯಬಲ್ಲವು. ತಿಂಗಳು ತುಂಬುತ್ತಿರುವ ಬಸುರಿಗೆ ರಕ್ತ ಹೋದರೂ ತಕ್ಷಣ ಹೋಗಬೇಕು, ಅದನ್ನು ಮುಂದೆ ಹೇಳುತ್ತೇನೆ. ಉಳಿದವಕ್ಕೆಲ್ಲ ವಾರ ಹದಿನೈದು ದಿನದೊಳಗೆ ತೋರಿಸಿದರೆ ಸಾಕು.

ಈಗ ಬಸಿರಿನ ವಿಷಯಕ್ಕೇ ಬರೋಣ. ಮೈನೆರೆದ ಹುಡುಗಿಯಿಂದ ಹಿಡಿದು ಇನ್ನೂ ಮುಟ್ಟು ನಿಲ್ಲದ ಹೆಂಗಸಿನವರೆಗೆ, ಯಾರೇ ಏರುಪೇರು ರಕ್ತಸ್ರಾವ ಅಂತ ಬಂದರೂ ನಾವು ಮೊದಲು ಮಾಡಿಸುವುದು ಮೂತ್ರದ ಪರೀಕ್ಷೆ. ಕೆಲವರಿಗೆ ಸಿಟ್ಟು ಬರುತ್ತೆ. 'ಆಪರೇಶನ್ ಆಗಿ ಎಂಟು ವರ್ಷ ಆಯ್ತು, ಏನ್ ಕೇಳ್ತೀರಾ ಮೇಡಂ' ಅಂತಾರೆ. ಒಬ್ಬರು ಹಾಗೇ ಅಂದಿದ್ದರು, ಎರಡು ಮಕ್ಕಳ ತಾಯಿ. ಮುಟ್ಟು ಹತ್ತು ದಿನ ತಡವಾಗಿ ಬಂದು, ಸ್ವಲ್ಪ ಸ್ವಲ್ಪ ಕಪ್ಪಗೆ ಹೋಗುತ್ತಲೇ ಇತ್ತು. ಎರಡು ದಿನದಿಂದ ಹೊಟ್ಟೆನೋವು, ಬಲ ಹೆಗಲ ತುದಿಯಲ್ಲಿ ಕೂಡ ನೋವು. ಗ್ಯಾಸ್ ಅಂತ ಓಮಿನ ನೀರು ಕುಡಿದಿದ್ದರು. ಪರೀಕ್ಷೆಯಲ್ಲಿ ಎರಡು ಗೆರೆ ಬಂತು. ಬಸಿರು ಗರ್ಭಕೋಶದಲ್ಲಿರಲಿಲ್ಲ, ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಬರುವ ನಾಳದಲ್ಲಿ ಕೂತು ನಾಳ ಒಡೆದಿತ್ತು. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆರಳಿಸುತ್ತದೆ, ಹೆಗಲ ನೋವು ಬರುವುದು ಅದರಿಂದ. ಹೊರಗೆ ಕಂಡ ರಕ್ತ ಒಂದು ಪ್ಯಾಡ್ ಕೂಡ ಇರಲಿಲ್ಲ. ಸಂತಾನಹರಣ ಆಪರೇಶನ್ ಆದವರಲ್ಲಿ ಬಸಿರು ನಿಲ್ಲುವುದು ಬಹಳ ಅಪರೂಪ, ಆದರೆ ನಿಂತರೆ ನಾಳದಲ್ಲಿ ನಿಲ್ಲುವ ಸಾಧ್ಯತೆ ಜಾಸ್ತಿ. ಅದಕ್ಕೇ ಕೇಳುವುದು.

ಬಸಿರಿನ ಮೊದಲ ಮೂರು ತಿಂಗಳಲ್ಲಿ ಕಲೆ ಕಂಡ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ಆಮೇಲೆ ಚೆನ್ನಾಗಿಯೇ ಹೆರಿಗೆ ಆಗುತ್ತೆ. ಸ್ಕ್ಯಾನಿಂಗ್ ಮಾಡಿ ನೋಡಬೇಕು, ಅಷ್ಟೇ. ತಿಂಗಳು ತುಂಬುತ್ತಾ ಬಂದಾಗ, ಏಳನೇ ಎಂಟನೇ ತಿಂಗಳಲ್ಲಿ, ನೋವೇ ಇಲ್ಲದೆ ದಿಢೀರನೆ ರಕ್ತ ಹೋದರೆ ಮಾತ್ರ ಬೇರೆ ಮಾತು. ಕಸ, ಅಂದರೆ ಮಾಸು, ಕೆಳಗೆ ಕೂತಿರಬಹುದು. ಆಗ ಹಳ್ಳಿಯ ಸಣ್ಣ ಕ್ಲಿನಿಕ್ಕಿನಲ್ಲಿ ಒಳಪರೀಕ್ಷೆ ಮಾಡಿಸಿಕೊಳ್ಳಬೇಡಿ, ಸಿಸೇರಿಯನ್ ಮಾಡುವ, ರಕ್ತ ಸಿಗುವ ದೊಡ್ಡಾಸ್ಪತ್ರೆಗೇ ನೇರ ಹೋಗಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ ಇದೆ, ಮೆಡಿಕಲ್ ಸ್ಟೋರಿನಿಂದ ಸುಮ್ನೆ ತಂದು ನುಂಗಿದ ಗರ್ಭಪಾತದ ಮಾತ್ರೆ. ಮೂರು ವಾರದಿಂದ ರಕ್ತ ನಿಂತಿಲ್ಲ ಅಂತ ಬರುತ್ತಾರೆ. ಎಷ್ಟು ಕೇಳಿದರೂ ಏನೂ ತಗೊಂಡಿಲ್ಲ ಅಂತಾರೆ. ಜೊತೆಗೆ ಬಂದ ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಹೇಳುತ್ತಾರೆ. ಈ ಮಾತ್ರೆ ಕೆಟ್ಟದ್ದಲ್ಲ, ಸರಿಯಾಗಿ ಬಳಸಿದರೆ ಒಳ್ಳೆಯ ಔಷಧಿಯೇ. ಆದರೆ ಒಂಬತ್ತು ವಾರದೊಳಗೆ, ಬಸಿರು ಗರ್ಭಕೋಶದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು, ಡಾಕ್ಟರ್ ಹೇಳಿದ ಹಾಗೆ ತೆಗೆದುಕೊಳ್ಳಬೇಕು. ನಾಳದಲ್ಲಿ ಕೂತ ಬಸಿರಿಗೆ ಇದು ಕೆಲಸ ಮಾಡುವುದಿಲ್ಲ, ಅಂಥವರು ಮಾತ್ರೆ ನುಂಗಿ 'ಆಯ್ತಲ್ಲ' ಅಂತ ಮನೆಯಲ್ಲಿ ಕೂತರೆ ಏನಾಗುತ್ತೆ ಅಂತ ಈಗಷ್ಟೇ ಹೇಳಿದೆ. ಸರಿಯಾಗಿ ಆದರೂ ಎರಡು ವಾರದವರೆಗೆ ಸ್ವಲ್ಪ ಸ್ವಲ್ಪ ಹೋಗಬಹುದು. ಅದಕ್ಕೂ ಮೀರಿ ಹೋದರೆ ಒಳಗೆ ಚೂರು ಉಳಿದಿದೆಯಾ ನೋಡಬೇಕು.

ಕದ್ದು ಮಾಡಬೇಕಾದ ಕೆಲಸ ಅಲ್ಲ ಇದು. ನಮ್ಮ ದೇಶದಲ್ಲಿ 1971ರಿಂದ ಗರ್ಭಪಾತಕ್ಕೆ ಕಾನೂನು ಇದೆ. 2021ರಲ್ಲಿ ತಿದ್ದುಪಡಿಯಾಗಿ 20 ವಾರದವರೆಗೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಅವಕಾಶ ಇದೆ. 18 ತುಂಬಿದ ಹೆಣ್ಣುಮಗಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಕಾನೂನು ಕೇಳುವುದಿಲ್ಲ. ಆಕೆಯ ಹೆಸರನ್ನು ಹೊರಗೆ ಬಿಡುವ ಹಾಗೂ ಇಲ್ಲ. ಇಷ್ಟೆಲ್ಲ ಇದ್ದೂ ಹೆಂಗಸರು ಮೆಡಿಕಲ್ ಸ್ಟೋರಿನ ಹುಡುಗನ ಸಲಹೆ ಕೇಳಿ ಮಾತ್ರೆ ನುಂಗುತ್ತಾರೆ ಅಂದರೆ, ಆಸ್ಪತ್ರೆಯಲ್ಲಿ ನಾವು ಅವರನ್ನು ಮಾತಾಡಿಸುವ ರೀತಿಯಲ್ಲೇ ಏನೋ ಐಬಿದೆ. ಅದನ್ನು ನಾನು ನನ್ನ ಜೊತೆಯ ಡಾಕ್ಟರುಗಳಿಗೂ ಹೇಳುತ್ತಿರುತ್ತೇನೆ.

ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯರು ಈಗ ಕೇಳಿ. ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. ಮೆದುಳು, ಅಂಡಾಶಯ ಎರಡೂ ಹೊಂದಿಕೊಂಡು ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವಂತಾಗಲು ಸಮಯ ಬೇಕು. ಅಂಡ ಬಿಡುಗಡೆ ಆಗದ ತಿಂಗಳು ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ, ಆಮೇಲೆ ಒಮ್ಮೆಲೇ ಹೇಗೆಂದರೆ ಹಾಗೆ ಕಳಚುತ್ತದೆ. ಅದಕ್ಕೇ ಒಂದೂವರೆ ತಿಂಗಳು ಬಾರದೆ, ಬಂದಾಗ ಹತ್ತು ದಿನ ಹೋಗುವುದು. ನಿಮ್ಮ ವಯಸ್ಸಿಗೆ 21ರಿಂದ 45 ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ತಿಂಗಳಾದರೂ ಬರದೇ ಇದ್ದರೆ ತೋರಿಸಬೇಕು.

ಆದರೆ ಮೊಟ್ಟಮೊದಲ ಮುಟ್ಟಿನಲ್ಲೇ ವಿಪರೀತ ಹೋಗಿ ರಕ್ತ ಹಾಕಿಸುವ ಹಂತಕ್ಕೆ ಬಂದರೆ, ಅಥವಾ ಅವಳಿಗೆ ಆಗಾಗ ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ಹಲ್ಲು ಕೀಳಿಸಿದಾಗ ನಿಲ್ಲದೆ ಹೋಗಿದ್ದರೆ, ಸಣ್ಣ ಏಟಿಗೂ ಮೈಮೇಲೆ ನೀಲಿ ಕಲೆ ಏಳುತ್ತಿದ್ದರೆ, ಹಾರ್ಮೋನು ಅಂತ ಸುಮ್ಮನಾಗಬೇಡಿ. ವಾನ್ ವಿಲ್ಲೆಬ್ರಾಂಡ್ ಅನ್ನುವ ಹೆಪ್ಪುಗಟ್ಟದ ಕಾಯಿಲೆ ಎಷ್ಟೋ ಹುಡುಗಿಯರಲ್ಲಿ ಮೊದಲು ಗೊತ್ತಾಗುವುದೇ ಮುಟ್ಟಿನಿಂದ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಮತ್ತೆ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದೆ ಮುಟ್ಟು ತಪ್ಪುವ ತೊಂದರೆ. ಇದರ ಬಗ್ಗೆ ಮೊಬೈಲಿನಲ್ಲಿ ನೀವು ನನಗಿಂತ ಜಾಸ್ತಿ ಓದಿದ್ದೀರಿ, ಹಾಗಾಗಿ ಒಂದೇ ಒಂದು ಹೇಳುತ್ತೇನೆ. 'ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ' ಅನ್ನುವ ಔಷಧಿಯನ್ನು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಮುಟ್ಟು ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಬರುವುದು ವರ್ಷಗಟ್ಟಲೆ ನಡೆದರೆ ಆ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಮುಂದೆ ಅದರಲ್ಲೇ ಕ್ಯಾನ್ಸರ್ ಶುರುವಾಗುವ ಅಪಾಯ ಇದೆ. ಮಗು ಬೇಕೋ ಬೇಡವೋ ಆಮೇಲಿನ ಮಾತು, ಮುಟ್ಟು ಮೂರು ತಿಂಗಳಿಗೊಮ್ಮೆಯಾದರೂ ಬರುವಂತೆ ನೋಡಿಕೊಳ್ಳಬೇಕು.

ಮಾತ್ರೆಗಳ ವಿಷಯ ಬಂತಲ್ಲ. ಶ್ರಾವಣ ಬಂದರೆ ನಮ್ಮ ಓಪಿಡಿಯಲ್ಲಿ ಒಂದು ಗುಂಪು ಗ್ಯಾರಂಟಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ಗೃಹಪ್ರವೇಶ, ತಂಗಿಯ ಮದುವೆ, ಧರ್ಮಸ್ಥಳ ಯಾತ್ರೆ, ಎಲ್ಲಕ್ಕೂ ಮುಟ್ಟು ಮುಂದೂಡುವ ಮಾತ್ರೆ. ಅದರೊಳಗೆ ಇರುವುದು ನಾರೆಥಿಸ್ಟೆರಾನ್ ಅನ್ನುವ ಹಾರ್ಮೋನು. ಮುಟ್ಟಿನ ಮೂರು ದಿನ ಮೊದಲೇ ಶುರು ಮಾಡಬೇಕು, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಇಷ್ಟು ಗೊತ್ತಿಲ್ಲದೆ ಹಿಂದಿನ ದಿನ ಶುರು ಮಾಡಿ, ನಡುವೆ ಎರಡು ಹೊತ್ತು ಮರೆತು, ಪೂಜೆಯ ದಿನವೇ ಕಲೆಯಾಗಿ, ಆಮೇಲೆ ಹದಿನೈದು ದಿನ ಹೋಗುತ್ತಲೇ ಇದ್ದಾಗ ನಮ್ಮ ಹತ್ತಿರ ಬರುತ್ತಾರೆ. ದೇವರಿಗೂ ಮುಟ್ಟಿಗೂ ಸಂಬಂಧ ಕಟ್ಟಬೇಕಾ ಅನ್ನುವುದು ನಿಮ್ಮ ಮನೆಯ ವಿಚಾರ, ನಾನು ಬಾಯಿ ಹಾಕುವುದಿಲ್ಲ. ಹಾಕಿದರೆ ಇವತ್ತಿನ ಸಭೆ ಇಲ್ಲಿಗೇ ಮುಗಿಯುತ್ತೆ. ಆದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ಆ ಮಾತ್ರೆ ಮುಟ್ಟಲೇಬಾರದು. ಕೇಳದೆ ತಗೋಬೇಡಿ ಅನ್ನುವುದು ಅದಕ್ಕೆ.

ಬಸಿರು ತಡೆಯುವ ಎಮರ್ಜೆನ್ಸಿ ಮಾತ್ರೆ ನುಂಗಿದರೆ ಆ ತಿಂಗಳ ಮುಟ್ಟು ಅಡ್ಡಾದಿಡ್ಡಿ ಆಗುತ್ತೆ. ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಸ್ವಲ್ಪ ಜಾಸ್ತಿ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಪುಕ್ಕಟೆ ಕೊಡುವ, ಬಸಿರು ತಡೆಯುವ 'ಅಂತರ' ಅನ್ನುವ ಇಂಜೆಕ್ಷನ್‌ನಿಂದ ಮೊದಮೊದಲು ಯಾವಾಗ ಬೇಕಾದರೂ ಕಲೆ ಕಾಣಬಹುದು, ಬರಬರುತ್ತಾ ಮುಟ್ಟೇ ನಿಲ್ಲಬಹುದು. ಅದು ಅಪಾಯ ಅಲ್ಲ, ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುವುದೂ ಇಲ್ಲ. ಥೈರಾಯ್ಡ್ ಕಮ್ಮಿಯಾದರೆ ಮುಟ್ಟು ಜಾಸ್ತಿ ಹೋಗುತ್ತೆ. ಹೃದಯದ ವಾಲ್ವ್ ಆಪರೇಶನ್ ಆಗಿ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೂ ಹಾಗೇ. ಹಾಗಂತ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಂದು ಹೇಳಿ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದ ಭಾಗ. ಮೂವತ್ತೈದರಿಂದ ಐವತ್ತರ ಹೆಂಗಸರು. ಅಂದರೆ ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು.

ಈ ವಯಸ್ಸಿನಲ್ಲಿ ರಕ್ತ ಜಾಸ್ತಿ ಹೋದರೆ ಊರಲ್ಲಿ ಎರಡೇ ಮಾತು. ಒಂದು, 'ಉಷ್ಣ ಆಗಿದೆ, ಎಳನೀರು ಕುಡಿ', ಇಲ್ಲ 'ನಿಲ್ಲೋ ಕಾಲ, ಹಂಗೇ ಹೋಗುತ್ತೆ'. ಇನ್ನೊಂದು, 'ಮಕ್ಕಳಾಯ್ತಲ್ಲ, ತೆಗೆಸಿಬಿಡು'. ಮೊದಲನೇದು ವರ್ಷಗಟ್ಟಲೆ ನಡೆಯುತ್ತದೆ, ಎರಡನೇದು ಒಂದೇ ದಿನದಲ್ಲಿ ತೀರ್ಮಾನ ಆಗುತ್ತದೆ. ಕಾರಣ ಏನು ಅಂತ ಹುಡುಕುವ ಕೆಲಸ ಎರಡರ ಮಧ್ಯೆ ಎಲ್ಲೂ ಬರುವುದೇ ಇಲ್ಲ.

ಮೊದಲನೇದರಿಂದ ಏನಾಗುತ್ತೆ ಅಂದರೆ ಹಿಮೋಗ್ಲೋಬಿನ್ ಇಳಿಯುತ್ತಾ ಹೋಗುತ್ತದೆ. ಹೆಣ್ಣಿಗೆ 12 ಇರಬೇಕು. ನಾನು 5, 6 ಇಟ್ಟುಕೊಂಡು ಗದ್ದೆಯಲ್ಲಿ ನಾಟಿ ಮಾಡುವವರನ್ನು ನೋಡಿದ್ದೇನೆ. ನಿಧಾನವಾಗಿ ಇಳಿದಾಗ ದೇಹ ಒಗ್ಗಿಕೊಂಡುಬಿಡುತ್ತದೆ, ಆಕೆಗೂ ಗೊತ್ತಾಗುವುದಿಲ್ಲ. 'ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಅಕ್ಕಿ ತಿನ್ನಬೇಕು ಅನಿಸುತ್ತೆ' ಅಂತಾರೆ. ಹಸಿ ಅಕ್ಕಿ, ಸುಣ್ಣ, ಮಣ್ಣು ತಿನ್ನುವ ಆಸೆ ಕಬ್ಬಿಣದ ಕೊರತೆಯ ಒಂದು ಗುರುತು, ನೆನಪಿಟ್ಟುಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನರಿಗೆ, ನಮ್ಮ ರಾಜ್ಯದಲ್ಲಿ ಹೆಚ್ಚೂಕಮ್ಮಿ 48 ಜನರಿಗೆ ರಕ್ತಹೀನತೆ ಇತ್ತು. ಇದಕ್ಕೆ ನಾವು ಸೊಪ್ಪು ತಿನ್ನಿ, ಕಬ್ಬಿಣದ ಮಾತ್ರೆ ನುಂಗಿ ಅಂತ ಹೇಳುತ್ತಲೇ ಇದ್ದೇವೆ. ಸರಿಯೇ. ಆದರೆ ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹಾಕಿದರೆ ತಾನೆ ತುಂಬೀತು? ತಿಂಗಳಿಗೆ ಎಷ್ಟು ಹೋಗುತ್ತಿದೆ ಅಂತ ಯಾರೂ ಆಕೆಯನ್ನು ಕೇಳಿರುವುದಿಲ್ಲ.

ಹಾಗಾದರೆ ಕಾರಣಗಳು ಯಾವುವು? ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ 2011ರಲ್ಲಿ ಇವನ್ನೆಲ್ಲ ಒಂಬತ್ತು ಗುಂಪು ಮಾಡಿತು. ಒಂಬತ್ತೂ ಹೇಳಿ ನಿಮಗೆ ನಿದ್ದೆ ಬರಿಸುವುದಿಲ್ಲ, ಕೆಲವು ಆಗಲೇ ಬಂದುಹೋದವು. ಕಣ್ಣಿಗೆ ಕಾಣುವ ಕಾರಣಗಳಲ್ಲಿ ಒಂದು ಪಾಲಿಪ್, ಒಳಪದರದಲ್ಲಿ ಸಣ್ಣ ತೊಟ್ಟಿನ ಹಾಗೆ ಬೆಳೆಯುವುದು. ನಡುನಡುವೆ ಕಲೆ ಮಾಡುವುದು ಹೆಚ್ಚಾಗಿ ಇದೇ. ಇನ್ನೊಂದು ಫೈಬ್ರಾಯ್ಡ್, ನೀವು ಗಡ್ಡೆ ಅನ್ನುವುದು. ಇದು ಬಹಳ ಸಾಮಾನ್ಯ, ಕ್ಯಾನ್ಸರ್ ಅಲ್ಲ, ಎಷ್ಟೋ ಜನರಿಗೆ ಇರುವುದೇ ಗೊತ್ತಿರುವುದಿಲ್ಲ, ಮುಟ್ಟು ನಿಂತ ಮೇಲೆ ತಾನೇ ಕುಗ್ಗುತ್ತದೆ. ಎಲ್ಲಿ ಕೂತಿದೆ ಅನ್ನುವುದು ಗಾತ್ರಕ್ಕಿಂತ ಮುಖ್ಯ. ಒಳಗೋಡೆಗೆ ಚಾಚಿಕೊಂಡ ಚಿಕ್ಕದೊಂದು ಗಡ್ಡೆ ವಿಪರೀತ ರಕ್ತ ಹರಿಸಬಹುದು, ಹೊರಗೋಡೆಯಲ್ಲಿರುವ ನಿಂಬೆಹಣ್ಣಿನ ಗಾತ್ರದ್ದು ಏನೂ ಮಾಡದೆ ಸುಮ್ಮನಿರಬಹುದು. ಹಾಗಾಗಿ 'ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇದೆ' ಅಂದ ತಕ್ಷಣ ಅಳಬೇಡಿ. ಅಡಿನೋಮಯೋಸಿಸ್ ಅಂತ ಒಂದಿದೆ, ಗರ್ಭಕೋಶ ಇಡಿಯಾಗಿ ಊದಿಕೊಂಡು ಜಾಸ್ತಿ ರಕ್ತ, ಜೊತೆಗೆ ಜೀವ ಹಿಂಡುವಂಥ ನೋವು. ಕೊನೆಗೆ, ಒಳಪದರ ದಪ್ಪವಾಗುವುದು, ಕ್ಯಾನ್ಸರ್. 45 ದಾಟಿದವರಿಗೆ, ಅಥವಾ ಚಿಕ್ಕವರೇ ಆದರೂ ಮೈ ತೂಕ ಜಾಸ್ತಿ ಇದ್ದು ಪಿಸಿಓಡಿ ಇದ್ದವರಿಗೆ ಒಳಪದರದ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ತೆಳ್ಳಗಿನ ಪ್ಲಾಸ್ಟಿಕ್ ನಳಿಕೆಯಲ್ಲಿ ತೆಗೆಯುವುದು, ಹೆಚ್ಚಿನವರಿಗೆ ಅರಿವಳಿಕೆಯೂ ಬೇಡ. ಆ ರಿಪೋರ್ಟ್ ಬರುವ ಮೊದಲು 'ಕ್ಯಾನ್ಸರ್ ಆಗಬಹುದು, ತೆಗೆಸಿಬಿಡಿ' ಅಂತ ಯಾರಾದರೂ ಹೆದರಿಸಿದರೆ ಆ ಕುರ್ಚಿಯಿಂದ ಎದ್ದು ಬನ್ನಿ.

ಯಾಕೆ ಇಷ್ಟು ಖಾರವಾಗಿ ಹೇಳುತ್ತೇನೆ ಅಂದರೆ, ಇದು ನಮ್ಮಲ್ಲೇ ಆಗಿದೆ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ಮನೆಮನೆಗೆ ಗರ್ಭಕೋಶ ಕಳೆದುಕೊಂಡ ಹೆಂಗಸರು ಇರುವುದು ಬೆಳಕಿಗೆ ಬಂತು. ಅವರಲ್ಲಿ ಎಷ್ಟೋ ಜನಕ್ಕೆ ನಲವತ್ತೂ ಆಗಿರಲಿಲ್ಲ. ಹೋಗಿದ್ದು ಬಿಳಿ ಸೆರಗು, ಹೊಟ್ಟೆನೋವು, ಮುಟ್ಟಿನ ತೊಂದರೆ ಅಂತ. ಅವರೇ ಬೀದಿಗಿಳಿದು ಹೋರಾಟ ಮಾಡಿದರು, ತನಿಖೆ ನಡೆಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದ್ದು ಇದೇ ಕಥೆ. ಅಲ್ಲಿ ಇನ್ನೊಂದು ಕಾರಣವೂ ಸೇರಿತ್ತು, ಮುಟ್ಟಿಗೆ ಅಂತ ಒಂದು ದಿನ ಕೆಲಸ ತಪ್ಪಿದರೂ ಮುಕಾದಮನಿಗೆ, ಅಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರನಿಗೆ, ದಂಡ ಕಟ್ಟಬೇಕಿತ್ತು. ಬೇಡದ ಆಪರೇಶನ್‌ಗಳ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದು, 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಕೋರ್ಟು ಹೇಳಿತು.

ಗರ್ಭಕೋಶ ತೆಗೆಯುವ ಆಪರೇಶನ್ ನಾನೂ ಮಾಡುತ್ತೇನೆ. ಬೇಕಾದವರಿಗೆ ಅದು ಬದುಕನ್ನೇ ವಾಪಸ್ ಕೊಡುತ್ತದೆ. ಕ್ಯಾನ್ಸರ್ ಇದ್ದರೆ, ಔಷಧಿಗೆ ಬಗ್ಗದ ದೊಡ್ಡ ಗಡ್ಡೆ ಇದ್ದರೆ ಮಾಡಲೇಬೇಕು. ಆದರೆ ಅದಕ್ಕೂ ಮೊದಲು ಎಷ್ಟೊಂದು ಮೆಟ್ಟಿಲು ಇವೆ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ರಕ್ತ ಹೋಗುವ ದಿನಗಳಲ್ಲಿ ಮಾತ್ರ ತಗೋಬೇಕು, ತಿಂಗಳಿಡೀ ಅಲ್ಲ. ಹಾರ್ಮೋನು ಮಾತ್ರೆಗಳಿವೆ. ಕಾಪರ್-ಟಿ ಥರದ್ದೇ, ಆದರೆ ಹಾರ್ಮೋನು ಸೂಸುವ ಒಂದು ಸಾಧನ ಇದೆ, ಒಮ್ಮೆ ಹಾಕಿದರೆ ಐದು ವರ್ಷ ಕೆಲಸ ಮಾಡುತ್ತೆ. ಇದನ್ನು ಹಾಕಿಸಿಕೊಂಡವರು ಮೊದಲ ಕೆಲವು ತಿಂಗಳು ಕಲೆ ಕಂಡು ಬೇಸತ್ತು ತೆಗೆಸಿಬಿಡುತ್ತಾರೆ, ಸ್ವಲ್ಪ ತಾಳಿಕೊಂಡರೆ ಮುಟ್ಟು ಬಹಳ ಕಡಿಮೆಯಾಗುತ್ತದೆ. ಪಾಲಿಪ್ ಆದರೆ ಕ್ಯಾಮೆರಾ ಹಾಕಿ ಅದೊಂದನ್ನೇ ತೆಗೆಯಬಹುದು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂವತ್ತೈದಕ್ಕೇ ಮುಟ್ಟು ನಿಂತ ಹಾಗೆ, ಮೈ ಬಿಸಿ ಏರುವುದು, ನಿದ್ದೆ ಬಾರದಿರುವುದು ಅವತ್ತಿನಿಂದಲೇ ಶುರು, ಮೂಳೆ ಬೇಗ ಸವೆಯುತ್ತೆ, ಹೃದಯಕ್ಕೂ ಒಳ್ಳೆಯದಲ್ಲ. ಆಪರೇಶನ್ ಅಂದಾಗ ಅಂಡಾಶಯ ಉಳಿಸ್ತೀರಾ ಅಂತ ಕೇಳಿ. ಬೇರೆ ದಾರಿ ಏನಿದೆ ಅಂತ ಕೇಳಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬರ್ತೀನಿ ಅಂದರೆ ನಾವ್ಯಾರೂ ಬೇಜಾರು ಮಾಡಿಕೊಳ್ಳಬಾರದು. ಬಿಳಿ ಸೆರಗು ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಯಬೇಕಾದ ಪರಿಸ್ಥಿತಿ ಇಲ್ಲವೇ ಇಲ್ಲ.

ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸುವುದರ ಬಗ್ಗೆ ಈಗ ಹೇಳಬೇಕು. ಗಂಡಸರು ನಾಲ್ಕು ಜನ ಇದ್ದೀರಿ, ಇರಲಿ, ನೀವೂ ಕೇಳಿ. ಒಮ್ಮೆ ಆದರೆ ಸೋಂಕಿರಬಹುದು, ಗರ್ಭಕೋಶದ ಬಾಯಿಯಲ್ಲಿ ಸಣ್ಣ ಪಾಲಿಪ್ ಇರಬಹುದು. ಮತ್ತೆ ಮತ್ತೆ ಆದರೆ, ಜೊತೆಗೆ ವಾಸನೆಯ ನೀರು ಹೋದರೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಇದೇ ಜಾಸ್ತಿ. ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬರುವುದು, ಸೋಂಕು ತಗುಲಿ ಕ್ಯಾನ್ಸರ್ ಆಗುವ ಹೊತ್ತಿಗೆ ಹತ್ತು ಹದಿನೈದು ವರ್ಷ ಬೇಕು. ಅಷ್ಟು ವರ್ಷ ನಮ್ಮ ಕೈಯಲ್ಲಿದೆ. ಆದರೆ ರಕ್ತ ಕಾಣಿಸಿಕೊಳ್ಳುವುದು ಹೆಚ್ಚಾಗಿ ಕೊನೆಗೆ. ಹಾಗಾಗಿ ರಕ್ತಕ್ಕೆ ಕಾಯದೆ, ಏನೂ ತೊಂದರೆ ಇಲ್ಲದಾಗಲೇ, 30ರಿಂದ 65ರೊಳಗಿನವರು ಐದು ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ, ಬೆಳ್ಳಗಾದರೆ ಮುಂದಿನ ಪರೀಕ್ಷೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ಹೇಳುತ್ತಾರೆ. 9ರಿಂದ 14ರ ಹೆಣ್ಣುಮಕ್ಕಳಿಗೆ ಲಸಿಕೆ ಇದೆ, ಪುಣೆಯಲ್ಲಿ ತಯಾರಾಗುವ ನಮ್ಮದೇ ದೇಶದ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಲ್ಲಿ ನಡತೆಯ ಪ್ರಶ್ನೆ ತರಬೇಡಿ. ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಈ ವೈರಸ್ ಬರುತ್ತದೆ, ಬಹಳ ಸಾಮಾನ್ಯವಾದ ವೈರಸ್ ಇದು.

ಇನ್ನು ನಿಮ್ಮ ಅತ್ತೆಯಂದಿರು, ಅಮ್ಮಂದಿರು, ಅಜ್ಜಿಯಂದಿರು. ನಮ್ಮ ಕಡೆ ಸರಾಸರಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. ನಿಲ್ಲುವ ಮೊದಲು ದೂರ ದೂರ ಆಗುವುದು ಸರಿ, ಎರಡು ತಿಂಗಳಿಗೆ, ಮೂರು ತಿಂಗಳಿಗೆ ಬಂದು ಹಾಗೇ ನಿಲ್ಲುತ್ತೆ. ಹತ್ತಿರ ಹತ್ತಿರ ಬರುವುದು, ಜಾಸ್ತಿ ಹೋಗುವುದು ನಿಲ್ಲೋ ಕಾಲದ ಲಕ್ಷಣ ಅಂತ ನೀವೇ ತೀರ್ಮಾನ ಮಾಡಬೇಡಿ. ಹನ್ನೆರಡು ತಿಂಗಳು ಪೂರ್ತಿ ಬರದೇ ಇದ್ದ ಮೇಲೆ ನಿಂತಿತು ಅಂತ ಲೆಕ್ಕ.

ಅದಾದ ಮೇಲೆ ಒಂದು ಸಲ, ಒಂದೇ ಒಂದು ಕಲೆ, ಗುಲಾಬಿ ಬಣ್ಣದ ನೀರು ಕಂಡರೂ ತೋರಿಸಬೇಕು. ಹೀಗೆ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ ಹೆಚ್ಚಿನವರಿಗೆ ಒಳಚರ್ಮ ಒಣಗಿ ತೆಳುವಾಗಿದ್ದರಿಂದ, ಅಥವಾ ಪಾಲಿಪ್‌ನಿಂದ ಬಂದಿರುತ್ತೆ. ಆ ಒಬ್ಬರು ಯಾರು ಅಂತ ನೋಡದೆ ಹೇಳೋಕೆ ಆಗಲ್ಲ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪದರದ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಕಮ್ಮಿ, ಜಾಸ್ತಿ ಇದ್ದರೆ ಚೂರು ತೆಗೆದು ನೋಡುತ್ತೇವೆ. ತೂಕ ಜಾಸ್ತಿ ಇರುವವರು, ಶುಗರ್, ಬಿಪಿ ಇರುವವರು, ಸ್ತನದ ಕ್ಯಾನ್ಸರಿಗೆ ಟಮಾಕ್ಸಿಫೆನ್ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಈ ಕ್ಯಾನ್ಸರಿನಲ್ಲಿ ಒಂದು ಪುಣ್ಯ ಏನೆಂದರೆ ರಕ್ತ ಬೇಗ ಕಾಣಿಸಿಕೊಳ್ಳುತ್ತದೆ, ಆಗಲೇ ಬಂದರೆ ಆಪರೇಶನ್‌ನಲ್ಲೇ ಬಹಳಷ್ಟು ಜನ ಗುಣವಾಗುತ್ತಾರೆ.

ಆದರೆ ಅವರು ಬರುವುದಿಲ್ಲ. ಅರವತ್ತೆರಡರ ಒಬ್ಬರು ವರ್ಷದಿಂದ ಆಗಾಗ ಕಲೆ ಆಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಯಾಕಮ್ಮಾ ಅಂದರೆ, 'ಮತ್ತೆ ಮುಟ್ಟು ಬಂತಲ್ಲ, ಮೈಯಲ್ಲಿ ರಕ್ತ ಚೆನ್ನಾಗಿದೆ ಅಂದ್ಕೊಂಡೆ. ಈ ವಯಸ್ಸಲ್ಲಿ ಸೊಸೆ ಮುಂದೆ ಹೇಳೋಕೆ ನಾಚಿಕೆ ಆಯ್ತು' ಅಂದರು. ಬಟ್ಟೆ ಅವರೇ ಒಗೆದುಕೊಳ್ಳುತ್ತಿದ್ದರು. ಹಾಗಾಗಿ ನೀವೇ ಕೇಳಬೇಕು. ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳುವ ಹಾಗೆಯೇ, ಎಲ್ಲಾದರೂ ಕಲೆ ಆಗಿತ್ತಾ ಅಂತ ಕೇಳಿ. ಕೆಲವು ಸಲ ಅದು ಮೂತ್ರದ್ದೋ ಮೂಲವ್ಯಾಧಿಯದ್ದೋ ರಕ್ತ ಆಗಿರುತ್ತದೆ. ಆಗಲೂ ತೋರಿಸಬೇಕಾದ್ದೇ.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ. 'ರಕ್ತ ಹೋಗ್ತಿರುವಾಗಲೇ ಡಾಕ್ಟರ್ ಹತ್ರ ಹೋಗಬಹುದಾ, ಮದುವೆ ಆಗದವರಿಗೆ ಒಳಗೆ ಪರೀಕ್ಷೆ ಮಾಡ್ತಾರಾ?' ಹೋಗಬಹುದು, ಹೋಗಲೇಬೇಕು. ನಿಂತ ಮೇಲೆ ಹೋಗೋಣ ಅಂತ ಕಾಯುವುದರಲ್ಲೇ ಆರು ತಿಂಗಳು ಕಳೆಯುತ್ತೆ. ನಮಗೆ ರಕ್ತ ನೋಡಿ ಹೇಸಿಗೆ ಇಲ್ಲ, ಅದು ನಮ್ಮ ಕೆಲಸ. ಸಂಬಂಧ ಮಾಡದ ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತೇವೆ, ಅದಕ್ಕೆ ಚೆನ್ನಾಗಿ ನೀರು ಕುಡಿದು ಮೂತ್ರ ಕಟ್ಟಿಕೊಂಡು ಬರಬೇಕು. ಒಳಗಿನಿಂದ ಮಾಡುವುದಾದರೆ ಮೂತ್ರ ಮಾಡಿ ಬರಬೇಕು. ಯಾರಿಗೇ ಆಗಲಿ ಕೇಳದೆ, ಒಪ್ಪಿಗೆ ಇಲ್ಲದೆ ಒಳಪರೀಕ್ಷೆ ಮಾಡುವ ಹಾಗಿಲ್ಲ, ಬೇಡ ಅನ್ನುವ ಹಕ್ಕು ನಿಮಗಿದೆ. ಬರುವಾಗ ಕಳೆದ ಮೂರು ನಾಲ್ಕು ತಿಂಗಳ ತಾರೀಕು ಬರೆದುಕೊಂಡು ಬನ್ನಿ, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್ ಅಂತ. ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನು, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಎಸೆಯಬೇಡಿ. ಗಡ್ಡೆ ಎರಡು ವರ್ಷದಲ್ಲಿ ಬೆಳೆದಿದೆಯೋ ಅಷ್ಟೇ ಇದೆಯೋ ಅಂತ ನೋಡೋಕೆ ನಮಗೆ ಇರುವುದು ಅದೊಂದೇ.